ಒಳಗೆಲ್ಲ ಕಂಡಿತು, ಎದುರಿಗೆ ಕೂತವರು ಕಾಣಲಿಲ್ಲ

ನಿಮ್ಮ ಮನೆಯಲ್ಲೂ ಅದು ಇದ್ದೀತು. ಬೀರುವಿನ ಮೇಲೆ, ಇಲ್ಲವೇ ಹಾಸಿಗೆಯ ಕೆಳಗೆ, ಮಡಚಿದರೆ ಹಾಳಾಗುತ್ತದೆಂದು ಅಗಲಕ್ಕೆ ಇಟ್ಟ ಒಂದು ದೊಡ್ಡ ಕವರು. ಮೇಲೆ ಸ್ಕ್ಯಾನಿಂಗ್ ಸೆಂಟರಿನ ಹೆಸರು, ನಗುತ್ತಿರುವ ಒಂದು ಕುಟುಂಬದ ಚಿತ್ರ, ಫೋನ್ ನಂಬರು. ಒಳಗೆ ಕಪ್ಪು ಫಿಲ್ಮು, ಜೊತೆಗೆ ಇಂಗ್ಲಿಷಿನಲ್ಲಿ ಒಂದೂವರೆ ಪುಟ. ಅದನ್ನು ತಂದ ದಿನ ಮನೆಯವರೆಲ್ಲ ಸರದಿಯ ಮೇಲೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿರುತ್ತಾರೆ. ಏನೂ ಅರ್ಥವಾಗಿರುವುದಿಲ್ಲ. ಆದರೂ ಒಬ್ಬರಾದರೂ ಒಂದು ಮಚ್ಚೆಯ ಮೇಲೆ ಬೆರಳಿಟ್ಟು "ಇಲ್ಲೇ ಇರಬೇಕು" ಎಂದಿರುತ್ತಾರೆ.

ನಮ್ಮ ಮನೆಯ ಕವರು ಅಪ್ಪನದು. ಅವರಿಗೆ ಆಗ 71. ತಿಪಟೂರಿನ ಕಡೆಯ ನಮ್ಮ ತೋಟದಲ್ಲಿ ಕಾಯಿ ಹೊತ್ತು, ಗುದ್ದಲಿ ಹಿಡಿದು ಬದುಕಿದ ಬೆನ್ನು ಒಂದು ಬೆಳಗ್ಗೆ ಹಿಡಿದುಕೊಂಡಿತು. ಎರಡು ವಾರವಾದರೂ ಬಿಡಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಬಂದು ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ "ಎಲ್ಲಿ ನೋವು, ಎಷ್ಟು ದಿನ" ಎಂದು ಕೇಳಿ, ಉತ್ತರ ಮುಗಿಯುವ ಮೊದಲೇ "ಎಂಆರ್‌ಐ ಮಾಡಿಸ್ಕೊಂಡು ಬನ್ನಿ" ಎಂದು ಚೀಟಿ ಕೊಟ್ಟರು. ಅಪ್ಪ ಬೆನ್ನು ತೋರಿಸಲೆಂದು ಅಂಗಿಯ ಗುಂಡಿ ಬಿಚ್ಚತೊಡಗಿದ್ದರು. "ಅದೆಲ್ಲ ಬೇಡ" ಎಂದರು. ಅಪ್ಪ ಗುಂಡಿ ಮತ್ತೆ ಹಾಕಿಕೊಂಡರು.

ಆ ಗುಂಡಿಯ ಬಗ್ಗೆಯೇ ನನ್ನ ಈ ಜಗಳ.

ಯಂತ್ರದ ಮೇಲೆ ನನಗೆ ಜಗಳವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಧುನಿಕ ವೈದ್ಯವನ್ನು ಬೈಯುವ ಲೇಖನವೆಂದರೆ ಕೊನೆಯಲ್ಲಿ ಯಾವುದೋ ಕಷಾಯಕ್ಕೆ ಬಂದು ನಿಲ್ಲುತ್ತದೆ ಎಂಬ ಅನುಮಾನ ನಿಮಗಿರಬಹುದು. 1895ರ ನವೆಂಬರಿನಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಒಂದು ಹೊಸ ಕಿರಣ ಕಂಡ. ಡಿಸೆಂಬರಿನಲ್ಲಿ ಹೆಂಡತಿಯ ಕೈಯ ಚಿತ್ರ ತೆಗೆದ. ಮೂಳೆಗಳೂ ಬೆರಳಿನ ಉಂಗುರವೂ ಕಂಡವು. ಕೊಯ್ಯದೆ ಒಳಗೆ ನೋಡುವುದು ಅಂದು ಶುರುವಾಯಿತು. ಆತ ಅದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಆದರೆ ಮೂಳೆ ಕಾಣಿಸಿದ ಹಾಗೆ ಮಿದುಳು ಕಾಣಿಸುತ್ತಿರಲಿಲ್ಲ. ಅದಕ್ಕಾಗಿ ಬೆನ್ನಿನಿಂದ ದ್ರವ ಬಸಿದು ಗಾಳಿ ತುಂಬಿ ಎಕ್ಸ್‌ರೇ ತೆಗೆಯುತ್ತಿದ್ದರು. ರೋಗಿ ತಲೆನೋವಿನಲ್ಲಿ ದಿನಗಟ್ಟಲೆ ಒದ್ದಾಡುತ್ತಿದ್ದ. 1971ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಮಾಡಿದ ಸಿಟಿ ಯಂತ್ರ ಮೊದಲ ರೋಗಿಯ ತಲೆಯನ್ನು ಹೋಳು ಹೋಳಾಗಿ ತೋರಿಸಿದ ಮೇಲೆ ಆ ಹಿಂಸೆ ನಿಂತಿತು. 1979ರಲ್ಲಿ ಅವನಿಗೂ, ಗಣಿತದ ದಾರಿ ತೋರಿದ್ದ ಆಲನ್ ಕಾರ್ಮಾಕ್‌ಗೂ ನೊಬೆಲ್ ಬಂತು. ಕಿರಣದ ಗೊಡವೆಯೇ ಇಲ್ಲದೆ ಅಯಸ್ಕಾಂತದ ಬಲದಿಂದ ಮೆದು ಅಂಗಗಳನ್ನು ತೋರಿಸುವ ಎಂಆರ್‌ಐಗಾಗಿ 2003ರಲ್ಲಿ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ ನೊಬೆಲ್ ಬಂತು. ಇವೆಲ್ಲ ಮನುಷ್ಯನ ದೊಡ್ಡ ಗೆಲುವುಗಳೇ.

ಈ ಗೆಲುವಿನ ಬೆಲೆ ನನಗೆ ಗೊತ್ತಾದದ್ದು ಚಿಕ್ಕಮ್ಮನಿಂದ. ಮಲೆನಾಡಿನ ಒಂದು ಸಣ್ಣ ಊರಿನಲ್ಲಿದ್ದ ಅವರಿಗೆ ಒಂದು ಸಂಜೆ ಬಾಯಿ ಸೊಟ್ಟಗಾಗಿ, ಬಲಗೈ ಬಿದ್ದುಹೋಯಿತು. ಲಕ್ವದಲ್ಲಿ ಎರಡು ಬಗೆ. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಬಹುದು, ಅಥವಾ ನಾಳವೇ ಒಡೆದು ರಕ್ತ ಹರಿಯಬಹುದು. ಮೊದಲನೆಯದಕ್ಕೆ ಹೆಪ್ಪು ಕರಗಿಸುವ ಔಷಧವನ್ನು ಸುಮಾರು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎರಡನೆಯದಕ್ಕೆ ಅದೇ ಔಷಧ ಕೊಟ್ಟರೆ ಜೀವ ಹೋಗಬಹುದು. ಹೊರಗಿನಿಂದ ನೋಡಿ ಇದು ಯಾವುದು ಎಂದು ಎಂಥ ಅನುಭವಿ ಡಾಕ್ಟರೂ ಖಚಿತವಾಗಿ ಹೇಳಲಾರರು. ಸಿಟಿ ಸ್ಕ್ಯಾನ್ ಕೆಲವೇ ನಿಮಿಷದಲ್ಲಿ ಹೇಳುತ್ತದೆ. ದೊಡ್ಡ ನಾಳ ಮುಚ್ಚಿದ ಲಕ್ವದಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಲೆಕ್ಕವಿದೆ. ಚಿಕ್ಕಮ್ಮನನ್ನು ಮೊದಲು ಕರೆದೊಯ್ದ ಆಸ್ಪತ್ರೆಯಲ್ಲಿ ಸಿಟಿ ಇರಲಿಲ್ಲ. ಆಂಬುಲೆನ್ಸ್ ಹುಡುಕಿ, ಘಾಟಿ ರಸ್ತೆ ದಾಟಿ, ಸ್ಕ್ಯಾನ್ ಇದ್ದ ಊರಿಗೆ ಮುಟ್ಟುವಾಗ ರಾತ್ರಿ ಹನ್ನೊಂದಾಗಿತ್ತು. ಹೊತ್ತು ಮೀರಿತ್ತು. ಅವರು ಬದುಕಿದ್ದಾರೆ. ಬಲಗೈ ಬರಲಿಲ್ಲ, ಮಾತು ಅರ್ಧ ಬಂತು.

ಎರಡೂ ನಮ್ಮ ಮನೆಯಲ್ಲೇ ನಡೆದವು. ಬೆನ್ನು ಹಿಡಿದ ಅಪ್ಪನಿಗೆ ಕೇಳದೆಯೇ ಎಂಆರ್‌ಐ ಸಿಕ್ಕಿತು. ಮಿದುಳಿಗೆ ರಕ್ತ ನಿಂತ ಚಿಕ್ಕಮ್ಮನಿಗೆ ಬೇಕಾದ ಹೊತ್ತಿಗೆ ಸಿಟಿ ಸಿಗಲಿಲ್ಲ. ಬೆಂಗಳೂರಿನಲ್ಲಿ ಕುಳಿತ ತಜ್ಞರು ಅಮೆರಿಕದ ಆಸ್ಪತ್ರೆಗಳ ರಾತ್ರಿಪಾಳಿಯ ಸ್ಕ್ಯಾನುಗಳನ್ನು ನಮ್ಮ ಹಗಲಿನಲ್ಲಿ ಓದಿ ವರದಿ ಕಳಿಸಲು ಶುರುಮಾಡಿ ಇಪ್ಪತ್ತು ವರ್ಷ ದಾಟಿದೆ. ಅಂದರೆ ಬೆಂಗಳೂರಿಗೆ ಅಟ್ಲಾಂಟಿಕ್ ದೂರವಾಗಲಿಲ್ಲ, ಘಾಟಿ ದೂರವಾಯಿತು. ಇಮೇಜಿಂಗ್ ಆರೋಗ್ಯ ಕ್ಷೇತ್ರವನ್ನು ಬದಲಿಸಿದೆ ಎಂದು ಹೇಳುವವರು ಯಾರ ಆರೋಗ್ಯವನ್ನು, ಯಾವ ದಿಕ್ಕಿಗೆ ಎಂಬುದನ್ನೂ ಜೊತೆಗೇ ಹೇಳಬೇಕು.

ಅಪ್ಪನ ಕತೆಗೆ ಬರುತ್ತೇನೆ. ಎಂಟು ಸಾವಿರ ಕೊಟ್ಟು, ಆ ಗುಡುಗುವ ಸುರಂಗದಲ್ಲಿ ಅರ್ಧ ಗಂಟೆ ಮಲಗಿ ಎದ್ದುಬಂದರು. ವರದಿಯಲ್ಲಿ 'ಡೀಜನರೇಟಿವ್ ಚೇಂಜಸ್' ಎಂದಿತ್ತು, ಎರಡು ಕಡೆ 'ಡಿಸ್ಕ್ ಬಲ್ಜ್' ಎಂದಿತ್ತು. ಕೌಂಟರಿನ ಹುಡುಗನನ್ನು ಅಪ್ಪ ಕೇಳಿದರು. ಅವನು ಪಾಪ, ತನಗೆ ತಿಳಿದಂತೆ "ಮೂಳೆ ಎಲ್ಲ ಹಾಳಾಗಿದೆ ಅಂತ, ಯಜಮಾನ್ರೇ" ಎಂದ. ಅಪ್ಪ ಅದನ್ನು ಊರಿನ ಮಾತಿಗೆ ತಂದುಕೊಂಡರು. ಆ ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದು: "ಬೆನ್ನುಮೂಳೆ ಕೊಳೀತಾ ಐತಂತೆ ಕಣೇ." ಮರುದಿನ ಡಾಕ್ಟರು ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಎರಡು ನಿಮಿಷ ನೋಡಿ, ಆಪರೇಷನ್ ಬಗ್ಗೆ ಯೋಚನೆ ಮಾಡಿ ಎಂದರು. ಆಗಲೂ ಬೆನ್ನು ಮುಟ್ಟಲಿಲ್ಲ.

ಆಮೇಲಿನ ಮೂರು ತಿಂಗಳು ಅಪ್ಪ ತೋಟಕ್ಕೆ ಹೋಗಲಿಲ್ಲ. ನೋವಿಗಿಂತ ಆ ಮಾತು ಅವರನ್ನು ಮಲಗಿಸಿತು. ಕೊಳೆಯುತ್ತಿರುವ ಮೂಳೆಯ ಮೇಲೆ ಯಾರು ತಾನೇ ಭಾರ ಹಾಕುತ್ತಾರೆ? ಬಗ್ಗಲಿಲ್ಲ, ನಡೆಯಲಿಲ್ಲ, ಚೊಂಬು ನೀರನ್ನೂ ಎತ್ತಲಿಲ್ಲ. ಮಲಗಿ ಮಲಗಿ ಬೆನ್ನು ಇನ್ನಷ್ಟು ಬಿಗಿಯಿತು.

ಈಗ ಒಂದು ಲೆಕ್ಕ ನೋಡಿ. ಬೆನ್ನುನೋವು ಇಲ್ಲದೇ ಇರುವ ಜನರ ಬೆನ್ನನ್ನು ಸ್ಕ್ಯಾನ್ ಮಾಡಿದ ಹಲವು ಅಧ್ಯಯನಗಳನ್ನು ಒಟ್ಟುಮಾಡಿ 2015ರಲ್ಲಿ ಒಂದು ಪರಿಶೀಲನೆ ಪ್ರಕಟವಾಯಿತು. ಒಟ್ಟು ಮೂರು ಸಾವಿರಕ್ಕೂ ಹೆಚ್ಚು ಜನ. ಇಪ್ಪತ್ತರ ವಯಸ್ಸಿನ, ಯಾವ ನೋವೂ ಇಲ್ಲದವರಲ್ಲಿ ಶೇ. 37 ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. ಎಂಬತ್ತರವರಲ್ಲಿ ಅದು ಶೇ. 96. ಡಿಸ್ಕ್ ಉಬ್ಬಿರುವುದು ಇಪ್ಪತ್ತರವರಲ್ಲಿ ಶೇ. 30, ಎಂಬತ್ತರವರಲ್ಲಿ ಶೇ. 84. ಅಂದರೆ ಅಪ್ಪನ ವಯಸ್ಸಿನವರು ಹತ್ತು ಜನರನ್ನು ಅರಳೀಕಟ್ಟೆಯಿಂದ ಎಬ್ಬಿಸಿ ಎಂಆರ್‌ಐಗೆ ಕಳಿಸಿದರೆ ಬಹುತೇಕ ಎಲ್ಲರ ವರದಿಯಲ್ಲೂ ಅಪ್ಪನ ವರದಿಯಲ್ಲಿದ್ದ ಪದಗಳೇ ಇರುತ್ತವೆ. ಕೂದಲು ನರೆಯುವ ಹಾಗೆ ಬೆನ್ನೂ ನರೆಯುತ್ತದೆ. ಈ ಒಂದು ವಾಕ್ಯವನ್ನು ಅಪ್ಪನಿಗೆ ಯಾರೂ ಹೇಳಲಿಲ್ಲ. ಹೇಳಲು ಅರ್ಧ ನಿಮಿಷ ಸಾಕಿತ್ತು.

ಕೊನೆಗೆ ಹೇಳಿದವರು ನಮ್ಮ ಕಡೆಯವರೇ ಆದ, ಅಪ್ಪನಷ್ಟೇ ವಯಸ್ಸಾದ ಒಬ್ಬ ಡಾಕ್ಟರು. ನಾನು ಕವರು ಚಾಚಿದೆ. "ಅದು ಆಮೇಲೆ ನೋಡಣ. ಏನ್ ಯಜಮಾನ್ರೇ, ಅಂಗಿ ತೆಗೀರಿ" ಎಂದರು. ಬೆನ್ನನ್ನು ಮೂಳೆ ಮೂಳೆಯಾಗಿ ಒತ್ತಿ ನೋಡಿದರು. ಮಲಗಿಸಿ, ಮಂಡಿ ಮಡಿಸದೆ ಒಂದೊಂದೇ ಕಾಲನ್ನು ಮೇಲೆತ್ತಿದರು. ಸಣ್ಣ ಸುತ್ತಿಗೆಯಿಂದ ಮಂಡಿಗೆ ಬಡಿದರು. ಹೆಬ್ಬೆರಳನ್ನು ಮೇಲಕ್ಕೆ ಒತ್ತಲು ಹೇಳಿ ತಾವು ಕೆಳಕ್ಕೆ ಒತ್ತಿದರು. ತುದಿಗಾಲಲ್ಲಿ, ಹಿಮ್ಮಡಿಯಲ್ಲಿ ನಡೆಸಿದರು. ಮೂತ್ರ ಕಟ್ಟುತ್ತಾ, ಜ್ವರ ಬರುತ್ತಾ, ಮೈ ಇಳಿದಿದೆಯಾ, ಕಾಲಲ್ಲಿ ಶಕ್ತಿ ಕಮ್ಮಿಯಾಗಿದೆಯಾ ಎಂದು ಕೇಳಿದರು. ಇವುಗಳಲ್ಲಿ ಒಂದಕ್ಕೆ ಹೌದು ಎಂದಿದ್ದರೂ ಅವರೇ ತಡಮಾಡದೆ ಸ್ಕ್ಯಾನಿಗೆ ಕಳಿಸುತ್ತಿದ್ದರು. ಯಾವುದೂ ಇರಲಿಲ್ಲ. ಆಮೇಲೆ ಫಿಲ್ಮು ತೆಗೆದು ನೋಡಿ, ಅದನ್ನು ಅಪ್ಪನ ಕಡೆಗೆ ತಿರುಗಿಸಿ, ಬೆರಳಿಟ್ಟು ತೋರಿಸಿದರು. "ಇದು ಮೆತ್ತೆ. ಎಪ್ಪತ್ತು ವರ್ಷ ಕೂತಿದ್ದೀರಲ್ಲ ಇದರ ಮೇಲೆ, ಸ್ವಲ್ಪ ಚಪ್ಪಟೆಯಾಗಿದೆ. ಕೊಳೆತಿಲ್ಲ. ನಡೀರಿ, ದಿನಾ ನಡೀರಿ." ಅಪ್ಪ ಎರಡು ತಿಂಗಳಲ್ಲಿ ತೋಟಕ್ಕೆ ಮರಳಿದರು.

ಗಮನಿಸಿ, ಅವರೂ ಸ್ಕ್ಯಾನ್ ನೋಡಿದರು. ಆದರೆ ಅದಕ್ಕೊಂದು ಸರದಿಯಿತ್ತು. ಮೊದಲು ಕೇಳುವುದು, ಮುಟ್ಟುವುದು. ಅಲ್ಲಿಂದ ಹುಟ್ಟುವ ಪ್ರಶ್ನೆಗೆ ಉತ್ತರವಾಗಿ ಚಿತ್ರ. ಈಗ ಈ ಸರದಿ ತಲೆಕೆಳಗಾಗಿದೆ. ಪ್ರಶ್ನೆಯೇ ಇಲ್ಲದೆ ಚಿತ್ರ ತೆಗೆಸುತ್ತೇವೆ. ಚಿತ್ರದಲ್ಲಿ ಕಂಡದ್ದಕ್ಕೆಲ್ಲ ರೋಗವೆಂದು ಹೆಸರಿಡುತ್ತೇವೆ. ಸ್ಟ್ಯಾನ್‌ಫರ್ಡಿನಲ್ಲಿ ಪಾಠ ಹೇಳುವ, ಕಾದಂಬರಿಕಾರರೂ ಆಗಿರುವ ಡಾ. ಅಬ್ರಹಾಂ ವರ್ಗೀಸ್ 2008ರಲ್ಲಿ ಈ ಕಾಯಿಲೆಗೆ ಒಂದು ಹೆಸರು ಕೊಟ್ಟರು: 'ಐಪೇಷಂಟ್'. ಕಂಪ್ಯೂಟರಿನೊಳಗೆ ಇರುವ ರೋಗಿಗೆ ಭರ್ಜರಿ ಆರೈಕೆ ನಡೆಯುತ್ತಿರುತ್ತದೆ, ಹಾಸಿಗೆಯ ಮೇಲಿರುವ ನಿಜವಾದ ರೋಗಿ ಡಾಕ್ಟರು ಎಲ್ಲಿ ಎಂದು ಕಾಯುತ್ತಿರುತ್ತಾನೆ ಎಂಬುದು ಅವರ ದೂರಿನ ಸಾರ.

ಇದು ಬರೀ ಅಭ್ಯಾಸದ ದೋಷವಾಗಿದ್ದರೆ ತಿದ್ದಬಹುದಿತ್ತು. ಆದರೆ ಇದರಲ್ಲಿ ದುಡ್ಡಿದೆ. 2017ರ ಕೊನೆಯಲ್ಲಿ ಆದಾಯ ತೆರಿಗೆ ಇಲಾಖೆ ಬೆಂಗಳೂರಿನ ಕೆಲವು ರೋಗಪತ್ತೆ ಕೇಂದ್ರಗಳ ಮೇಲೆ ದಾಳಿ ಮಾಡಿತು. ರೋಗಿಗಳನ್ನು ಕಳಿಸಿಕೊಡುವ ಡಾಕ್ಟರಿಗೆ ಎಂಆರ್‌ಐಗೆ ಸಾಮಾನ್ಯವಾಗಿ ಶೇ. 35, ಸಿಟಿ ಮತ್ತು ಲ್ಯಾಬ್ ಪರೀಕ್ಷೆಗಳಿಗೆ ಶೇ. 20 ಕಮಿಷನ್ ಹೋಗುತ್ತಿತ್ತೆಂದು ಇಲಾಖೆಯೇ ಪ್ರಕಟಣೆಯಲ್ಲಿ ಹೇಳಿತು. ಹೀಗೆ ಕಮಿಷನ್ ತೆಗೆದುಕೊಳ್ಳುವುದನ್ನು ವೈದ್ಯರ ನಡತೆಯ 2002ರ ನಿಯಮಗಳು ಸ್ಪಷ್ಟವಾಗಿ ನಿಷೇಧಿಸಿವೆ. ನಿಯಮ ಕಾಗದದಲ್ಲಿದೆ, ಕಮಿಷನ್ ಕವರಿನಲ್ಲಿದೆ. ಎಲ್ಲ ಡಾಕ್ಟರೂ ಹೀಗೆ ಎನ್ನುವುದಿಲ್ಲ; ಒಂದು ಪೈಸೆ ಮುಟ್ಟದ ಎಷ್ಟೋ ಜನರನ್ನು ನಾನೇ ಬಲ್ಲೆ. ಆದರೆ ಚೀಟಿ ಹಿಡಿದು ಹೊರಗೆ ನಿಂತ ರೋಗಿಗೆ ಈ ಚೀಟಿ ಯಾವ ಬಗೆಯದು ಎಂದು ತಿಳಿಯುವ ದಾರಿ ಯಾವುದು?

ಕೊರೋನಾದ ಎರಡನೇ ಅಲೆ ನೆನಪಿದೆಯಲ್ಲ? 2021ರ ಏಪ್ರಿಲ್, ಮೇ. "ಹೇಗಿದ್ದೀರಿ" ಎನ್ನುವ ಬದಲು "ಸ್ಕೋರ್ ಎಷ್ಟು?" ಎಂದು ಕೇಳಿಕೊಳ್ಳುತ್ತಿದ್ದೆವು. ಶ್ವಾಸಕೋಶದ ಐದು ಹಾಲೆಗಳಿಗೆ ತಲಾ ಐದರಂತೆ ಒಟ್ಟು 25ಕ್ಕೆ ಅಂಕ. ಸಣ್ಣ ಜ್ವರ ಇದ್ದವರೂ, ಉಸಿರು ಚೆನ್ನಾಗಿದ್ದವರೂ ಸಿಟಿಗೆ ಸಾಲುಗಟ್ಟಿದರು. ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ರಣದೀಪ್ ಗುಲೇರಿಯಾ ಅವರು ಲಘು ರೋಗಕ್ಕೆ ಸಿಟಿ ಬೇಡ ಎಂದು ಬಹಿರಂಗವಾಗಿ ಹೇಳಬೇಕಾಯಿತು. ಒಂದು ಸಿಟಿ 300ರಿಂದ 400 ಎಕ್ಸ್‌ರೇಗೆ ಸಮ ಎಂದ ಅವರ ಲೆಕ್ಕ ಹಳೆಯದು ಎಂದು ರೇಡಿಯಾಲಜಿಸ್ಟರು ಜಗಳಕ್ಕೆ ನಿಂತರು. ಲೆಕ್ಕದ ವಿಷಯದಲ್ಲಿ ರೇಡಿಯಾಲಜಿಸ್ಟರ ಮಾತಿನಲ್ಲಿ ಹುರುಳಿತ್ತು. ಎದೆಯ ಎಕ್ಸ್‌ರೇಗೆ ಸುಮಾರು 0.1 ಮಿಲಿಸೀವರ್ಟ್ ವಿಕಿರಣವಾದರೆ ಮಾಮೂಲಿ ಸಿಟಿಗೆ ಆರೇಳು, ಕಡಿಮೆ ಪ್ರಮಾಣದ ಸಿಟಿಗೆ ಇನ್ನೂ ಕಡಿಮೆ. ಆದರೆ ಬೆರಳಿಗೆ ಸಿಕ್ಕಿಸುವ ಪುಟ್ಟ ಆಕ್ಸಿಮೀಟರ್ ಹೇಳುತ್ತಿದ್ದ ಆಮ್ಲಜನಕದ ಮಟ್ಟವನ್ನು ಬಿಟ್ಟು, 25ಕ್ಕೆ 9 ಬಂದ ಕಾಗದ ಹಿಡಿದು ಬೆಡ್ಡಿಗಾಗಿ ಅಲೆದವರನ್ನು ನಾವು ಕಂಡಿದ್ದೇವೆ. ಕರ್ನಾಟಕ ಸರ್ಕಾರ ಸಿಟಿಗೆ ದರದ ಮಿತಿ ಹಾಕಬೇಕಾಗಿ ಬಂದದ್ದೂ ಆಗಲೇ.

ಅನಗತ್ಯವಾಗಿ ನೋಡಿದರೆ ಏನು ಗಂಟು ಹೋಗುತ್ತದೆ ಎನ್ನುವವರು ದಕ್ಷಿಣ ಕೊರಿಯಾದ ಕಡೆ ನೋಡಬೇಕು. 1999ರಲ್ಲಿ ಅಲ್ಲಿ ರಾಷ್ಟ್ರಮಟ್ಟದ ಕ್ಯಾನ್ಸರ್ ತಪಾಸಣೆ ಶುರುವಾಯಿತು. ಥೈರಾಯ್ಡ್ ಆ ಪಟ್ಟಿಯಲ್ಲಿರಲಿಲ್ಲ. ಆದರೆ ಬಂದವರಿಗೆ ಸ್ವಲ್ಪ ದುಡ್ಡಿಗೆ ಕುತ್ತಿಗೆಯ ಅಲ್ಟ್ರಾಸೌಂಡನ್ನೂ ಆಸ್ಪತ್ರೆಗಳು ಸೇರಿಸಿ ಮಾಡತೊಡಗಿದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ರ 15 ಪಟ್ಟಾಗಿತ್ತು. ಆ ಒಂದೇ ವರ್ಷ 40 ಸಾವಿರಕ್ಕೂ ಹೆಚ್ಚು ಜನರಿಗೆ ಕ್ಯಾನ್ಸರ್ ಎಂದು ಹೇಳಲಾಯಿತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಜೀವಮಾನವಿಡೀ ತೊಂದರೆ ಕೊಡದೆ ಇರಬಹುದಾಗಿದ್ದ ಪುಟ್ಟ ಗಂಟುಗಳಿಗಾಗಿ ಸಾವಿರಾರು ಜನ ಗ್ರಂಥಿ ಕಳೆದುಕೊಂಡು ದಿನಾ ಮಾತ್ರೆ ನುಂಗುವವರಾದರು. ಕೆಲವರು ದನಿ ಕಳೆದುಕೊಂಡರು. 2014ರಲ್ಲಿ ಅಲ್ಲಿನ ಕೆಲವು ಡಾಕ್ಟರುಗಳೇ ಒಟ್ಟಾಗಿ ಇದನ್ನು ಬಹಿರಂಗವಾಗಿ ವಿರೋಧಿಸಿದ ಮೇಲೆ ಪತ್ತೆಯೂ ಆಪರೇಷನ್ನೂ ಇಳಿದವು. ಡಾಕ್ಟರ ವಿವೇಕವೇ ಇದನ್ನು ನಿಲ್ಲಿಸಿತು, ಇದೂ ನೆನಪಿರಲಿ.

ನಮ್ಮಲ್ಲಿ ಅದೇ ಅಲ್ಟ್ರಾಸೌಂಡ್ ಏನು ಮಾಡಿತು ಎಂದು ಹೇಳಬೇಕೆ? ಹೊಟ್ಟೆಯಲ್ಲಿರುವ ಮಗು ಕ್ಷೇಮವೇ ಎಂದು ನೋಡಲು ಬಂದ ಯಂತ್ರ ಅದು ಹೆಣ್ಣೇ ಎಂದು ನೋಡಲು ಬಳಕೆಯಾಯಿತು. 1994ರಲ್ಲಿ ಕಾನೂನು ಬಂತು. ಆದರೂ ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಇದ್ದ ಹೆಣ್ಣುಮಕ್ಕಳು 2001ರಲ್ಲಿ 927 ಆದರು. 2011ರಲ್ಲಿ 920ಕ್ಕೂ ಕೆಳಗಿಳಿದರು. 2023ರ ನವೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದರೆಂಬ ಜಾಲವನ್ನು ಪೊಲೀಸರು ಹಿಡಿದ ಸುದ್ದಿ ಓದಿದಾಗ ನನಗೆ ಕಾಡಿದ್ದು ಬೆಲ್ಲದ ಆ ವಾಸನೆ. ತಾಲ್ಲೂಕು ಆಸ್ಪತ್ರೆಗೆ ಬಾರದ ಯಂತ್ರ ಆಲೆಮನೆಗೆ ಬಂತು. ದುಡ್ಡೂ ದುರಾಸೆಯೂ ಇದ್ದಲ್ಲಿಗೆ ತಂತ್ರಜ್ಞಾನಕ್ಕೆ ಯಾವ ಘಾಟಿಯೂ ಅಡ್ಡವಿಲ್ಲ.

ಇಷ್ಟೆಲ್ಲ ಆಗಿರುವಾಗ ಈಗ ಕನ್ನಡಕ ಬಂದಿದೆ. ವರ್ಚುವಲ್ ರಿಯಾಲಿಟಿ, ವಿಆರ್. ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡರೆ ಬೇರೆಯದೇ ಲೋಕ. ನಾಳೆಯ ಆಸ್ಪತ್ರೆ ಇದೇ ಎಂದು ಜಾಹೀರಾತುಗಳು ಹೇಳುತ್ತಿವೆ. ಇದನ್ನೂ ನಾನು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. 2002ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ 16 ಕಿರಿಯ ಶಸ್ತ್ರವೈದ್ಯರ ಮೇಲೆ ನಡೆಸಿದ ಪ್ರಯೋಗದಲ್ಲಿ, ವಿಆರ್‌ನಲ್ಲಿ ಕೈ ಪಳಗಿಸಿಕೊಂಡವರು ಪಿತ್ತಕೋಶ ಬಿಡಿಸುವ ಕೆಲಸವನ್ನು ಶೇ. 29ರಷ್ಟು ಬೇಗ ಮಾಡಿದರು. ಹಾಗೆ ಪಳಗದವರು ಅಂಗಕ್ಕೆ ಗಾಯ ಮಾಡುವ ಸಂಭವ ಐದು ಪಟ್ಟು ಹೆಚ್ಚಿತ್ತು. ಮೊದಲ ತಪ್ಪುಗಳನ್ನು ಬಡವರ ಹೊಟ್ಟೆಯ ಮೇಲೆ ಮಾಡುವುದಕ್ಕಿಂತ ಯಂತ್ರದ ಮೇಲೆ ಮಾಡಲಿ. ಇದು ನಮ್ಮ ಸರ್ಕಾರಿ ಮೆಡಿಕಲ್ ಕಾಲೇಜುಗಳಿಗೆ ಬೇಗ ಬರಲಿ.

ಇನ್ನೊಂದು ಪ್ರಯೋಗ ಮನಸ್ಸಿಗೆ ಹತ್ತಿರವಾದದ್ದು. ಸುಟ್ಟ ಗಾಯದ ಬ್ಯಾಂಡೇಜ್ ಬದಲಿಸುವಾಗಿನ ನೋವು ಮಾರ್ಫೀನಿಗೂ ಪೂರ್ತಿ ಬಗ್ಗುವುದಿಲ್ಲ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್‌ಸನ್ ಅಂಥ ರೋಗಿಗಳಿಗಾಗಿ 'ಸ್ನೋವರ್ಲ್ಡ್' ಎಂಬ ಹಿಮದ ಲೋಕ ಕಟ್ಟಿಸಿದರು. ರೋಗಿ ಅಲ್ಲಿ ಪೆಂಗ್ವಿನ್‌ಗಳತ್ತ ಹಿಮದ ಉಂಡೆ ಎಸೆಯುತ್ತಿರುತ್ತಾನೆ. ಇತ್ತ ನರ್ಸು ಗಾಯ ತೊಳೆಯುತ್ತಿರುತ್ತಾಳೆ. ನೋವು ಗಮನಾರ್ಹವಾಗಿ ಕಡಿಮೆಯಾಯಿತು. ಆಗ ಮಿದುಳಿನಲ್ಲಿ ನೋವಿಗೆ ಸಂಬಂಧಿಸಿದ ಜಾಗಗಳ ಚಟುವಟಿಕೆ ಇಳಿಯುವುದನ್ನು ಎಂಆರ್‌ಐಯಲ್ಲೇ ನೋಡಿದರು. ನೋವಿಗೆ ನಮ್ಮ ಗಮನ ಬೇಕು. ಗಮನ ಬೇರೆಡೆ ಹೋದರೆ ನೋವು ಸೊರಗುತ್ತದೆ. ಮಗುವಿಗೆ ಚಂದಮಾಮನನ್ನು ತೋರಿಸುತ್ತಾ ಮುಳ್ಳು ತೆಗೆಯುವ ಅಜ್ಜಿಗೆ ಇದು ಮೊದಲೇ ಗೊತ್ತಿತ್ತು. ಅಳೆದು ತೋರಿಸಿದ್ದು ವಿಜ್ಞಾನ.

ಹಾಗಿದ್ದರೆ ತಕರಾರು ಏನು? ಸ್ನೋವರ್ಲ್ಡ್ ಹುಟ್ಟಿದ್ದು ನೋವಿನ ಔಷಧ, ನರ್ಸು, ಶುದ್ಧ ವಾರ್ಡು ಎಲ್ಲ ಇದ್ದೂ ಸಾಲದು ಎಂಬ ಕಡೆ. 1985ರ ಮಾದಕವಸ್ತು ಕಾನೂನಿನ ಬಿಗಿಯಲ್ಲಿ ಮಾರ್ಫೀನ್ ಆಸ್ಪತ್ರೆಗಳಿಂದಲೇ ಮಾಯವಾದ ದೇಶ ನಮ್ಮದು. 2014ರಲ್ಲಿ ತಿದ್ದುಪಡಿ ಬಂದ ಮೇಲೂ ಅದು ಸುಲಭವಾಗಿ ಸಿಗುತ್ತಿಲ್ಲ. ಅಂಥಲ್ಲಿ ಕನ್ನಡಕ ಮೊದಲು ಬಂದರೆ ಅದು ಆರೈಕೆಗೆ ಸೇರಿಸಿದ್ದಾಗುವುದಿಲ್ಲ, ಆರೈಕೆಯ ಜಾಗದಲ್ಲಿ ಕೂರುತ್ತದೆ. ಕೈ ಹಿಡಿಯಲು ನರ್ಸು ಸಾಲದು, ಕನ್ನಡಕ ಕಟ್ಟಿ. ವಿವರಿಸಲು ಡಾಕ್ಟರಿಗೆ ಪುರುಸೊತ್ತಿಲ್ಲ, ವಿಡಿಯೋ ಹಾಕಿ. ಅಪ್ಪನ ಅಂಗಿಯ ಗುಂಡಿಗೆ ಆದದ್ದೇ ಮುಂದೆ ರೋಗಿಯ ಕಣ್ಣಿಗೂ ಆಗುತ್ತದೆ. ಈವರೆಗೆ ಡಾಕ್ಟರು ಮಾತ್ರ ರೋಗಿಯನ್ನು ನೋಡುತ್ತಿರಲಿಲ್ಲ. ಇನ್ನು ರೋಗಿಯೂ ಡಾಕ್ಟರನ್ನು ನೋಡುವುದಿಲ್ಲ.

ಅದೇ ಕನ್ನಡಕಕ್ಕೆ ಒಂದು ಒಳ್ಳೆಯ ಬಳಕೆಯೂ ಇದೆ. ಸ್ಟ್ಯಾನ್‌ಫರ್ಡಿನಲ್ಲಿ ಮಿದುಳಿನ ಶಸ್ತ್ರವೈದ್ಯರು ರೋಗಿಯದೇ ಸ್ಕ್ಯಾನುಗಳಿಂದ ಮೂರು ಆಯಾಮದ ಚಿತ್ರ ಕಟ್ಟಿ, ರೋಗಿಗೇ ಕನ್ನಡಕ ಹಾಕಿ, ಎಲ್ಲಿ ನಾಳ ಉಬ್ಬಿದೆ, ತಾವು ಯಾವ ದಾರಿಯಲ್ಲಿ ಹೋಗುತ್ತೇವೆ ಎಂದು ಜೊತೆಯಲ್ಲೇ ತೋರಿಸುತ್ತಾರೆ. ಇಲ್ಲಿ ಚಿತ್ರ ಅದರ ಒಡೆಯನಿಗೆ ತಲುಪಿತು. ಆದರೆ ಇದಕ್ಕೆ ಕನ್ನಡಕವೇ ಬೇಕೆಂದಿಲ್ಲ. ಮಾನಿಟರನ್ನು ರೋಗಿಯ ಕಡೆ ತಿರುಗಿಸಿದರೂ ನಡೆಯುತ್ತದೆ. ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆದ ಒಂದು ಚಿತ್ರವೂ ಸಾಕು.

ಮತ್ತು ಕನ್ನಡ ಬೇಕು. ಸ್ವತಃ ಡಾಕ್ಟರಾಗಿದ್ದ ಅನುಪಮಾ ನಿರಂಜನ 'ತಾಯಿ-ಮಗು', 'ದಾಂಪತ್ಯ ದೀಪಿಕೆ'ಯಂಥ ಪುಸ್ತಕಗಳಲ್ಲಿ ದೇಹದ ವಿಷಯವನ್ನು ಮನೆಯ ಹೆಂಗಸರಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿದರು. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಮನೆಗಳಲ್ಲಿ ಅವು ಇದ್ದವು. ಆದ್ದರಿಂದ ಕನ್ನಡದಲ್ಲಿ ಪದವಿಲ್ಲ ಎಂಬ ನೆಪ ನಡೆಯದು. ಹೇಳಬೇಕೆಂಬ ಮನಸ್ಸಿದ್ದಾಗ ಪದ ಸಿಕ್ಕಿದೆ. 'ಸವೆತ' ಎಂಬ ಪದಕ್ಕೂ 'ಕೊಳೆತ' ಎಂಬ ಪದಕ್ಕೂ ನಡುವೆ ನಮ್ಮ ಅಪ್ಪನ ಮೂರು ತಿಂಗಳು ಬಿದ್ದಿವೆ.

ಡಾಕ್ಟರುಗಳ ಉತ್ತರ ನನಗೆ ಗೊತ್ತು. ದಿನಕ್ಕೆ ನೂರು ರೋಗಿ ನೋಡುವವರಿಗೆ ವಿವರಿಸಲು ಸಮಯವೆಲ್ಲಿ? 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯಸೇವೆಯನ್ನು ಗ್ರಾಹಕ ಕಾನೂನಿನ ಕೆಳಗೆ ತಂದ ಮೇಲೆ, ಸ್ಕ್ಯಾನ್ ಬರೆಯದೆ ಏನಾದರೂ ತಪ್ಪಿದರೆ ಹೊಣೆ ಯಾರು? ಹೊಡೆಯಲು ಬರುವ ನೆಂಟರಿಗೆ ಉತ್ತರ ಯಾರು ಕೊಡುತ್ತಾರೆ? ಈ ಪ್ರಶ್ನೆಗಳು ಸುಳ್ಳಲ್ಲ. ನಮ್ಮ ಪಾಲೂ ಇದರಲ್ಲಿದೆ. ಸ್ಕ್ಯಾನ್ ಬರೆಯದ ಡಾಕ್ಟರನ್ನು "ಏನೂ ನೋಡಲೇ ಇಲ್ಲ, ಬರೀ ಮುಟ್ಟಿ ಕಳಿಸಿದ" ಎಂದು ಬೈದು ಬೇರೆಡೆ ಹೋಗುವವರು ನಾವೇ. ಮುಟ್ಟುವುದು ನೋಡುವುದಲ್ಲ ಎಂದು ನಮಗೆ ಅನ್ನಿಸಿಬಿಟ್ಟಿದೆ. ಆದರೆ ಭಯಕ್ಕೆ ಬರೆದ ಸ್ಕ್ಯಾನಿನ ದುಡ್ಡನ್ನು ಕೊಡುವವರು ರೋಗಿಗಳು. ಹೊಲ ಅಡವಿಟ್ಟೋ ಓಲೆ ಮಾರಿಯೋ ಕೊಡುತ್ತಾರೆ. ಡಾಕ್ಟರ ಭಯದ ವೆಚ್ಚ ಅವರ ಮೇಲೆ ಏಕೆ?

ಆದ್ದರಿಂದ ಬೇಡಿಕೆಗಳು ದೊಡ್ಡವಲ್ಲ. ಪ್ರತಿ ಸ್ಕ್ಯಾನ್ ಚೀಟಿಯ ಮೇಲೆ ಏತಕ್ಕಾಗಿ ಎಂದು ಒಂದು ಸಾಲು ಇರಲಿ, ರೋಗಿ ಓದಬಲ್ಲ ಭಾಷೆಯಲ್ಲಿ. ಪ್ರತಿ ವರದಿಯ ಕೊನೆಗೆ ಕನ್ನಡದಲ್ಲಿ ಐದು ಸಾಲು ಇರಲಿ: ಏನು ಕಂಡಿದೆ, ಅದು ಈ ವಯಸ್ಸಿಗೆ ಸಹಜವೇ, ತುರ್ತಿದೆಯೇ. ಕಮಿಷನ್ ಕೊಟ್ಟವರನ್ನೂ ತೆಗೆದುಕೊಂಡವರನ್ನೂ ಹೆಸರು ಸಮೇತ ಶಿಕ್ಷಿಸಲಿ. ಆರೋಗ್ಯ ತಂತ್ರಜ್ಞಾನಕ್ಕೆ ಸರ್ಕಾರ ತೆಗೆದಿಡುವ ದುಡ್ಡಿನಲ್ಲಿ ಮೊದಲ ಪಾಲು, ಲಕ್ವ ಹೊಡೆದವರನ್ನು ಎರಡು ಗಂಟೆಯೊಳಗೆ ಸಿಟಿಗೆ ಮುಟ್ಟಿಸುವುದಕ್ಕೆ ಹೋಗಲಿ; ಕನ್ನಡಕದ ಸರದಿ ಆಮೇಲೆ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಒಂದಿದೆ. ಚೀಟಿ ಕೈಗೆ ಬಂದಾಗ ಎದ್ದು ಹೋಗುವ ಮೊದಲು ಕೇಳಿ: "ಸರ್, ಇದರಲ್ಲಿ ಏನು ಕಂಡರೂ ನೀವು ಕೊಡೋ ಔಷಧ ಬದಲಾಗುತ್ತಾ?" ಬದಲಾಗುತ್ತದೆ ಎಂದರೆ ತಡಮಾಡದೆ ಮಾಡಿಸಿ, ಸಾಲ ಮಾಡಿಯಾದರೂ. ಇಲ್ಲವೆಂದರೆ ಮುಂದಿನ ಮಾತು ಅಲ್ಲಿಂದಲೇ ಶುರುವಾಗಲಿ. ಮೊದಲ ಸಲ ಕೇಳುವಾಗ ಬಾಯಿ ಒಣಗುತ್ತದೆ. ಕೇಳಿ. ವೈದ್ಯರ ನಡತೆಯ ಅದೇ 2002ರ ನಿಯಮಗಳ ಪ್ರಕಾರ, ಕೇಳಿದ 72 ಗಂಟೆಯೊಳಗೆ ನಿಮ್ಮ ದಾಖಲೆ ನಿಮಗೆ ಸಿಗಬೇಕು. ಅದನ್ನೂ ಕೇಳಿ.

ಹೋದ ಸಲ ಊರಿಗೆ ಹೋದಾಗ ಬೀರು ಸರಿಸಬೇಕಾಗಿ ಬಂದು ಆ ಕವರು ಕೆಳಗೆ ಬಿತ್ತು. ಎಸೆದುಬಿಡಲೇ ಎಂದೆ. "ಎಂಟು ಸಾವಿರ ಕೊಟ್ಟಿದ್ದೀವಿ ಕಣೋ" ಎಂದು ಅಪ್ಪ ಕಸಿದುಕೊಂಡರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಇದರಾಗೆ ಏನೇನ್ ಬರ್ದವ್ರೆ, ಒಂದ್ಸಲ ಪೂರ್ತಿ ಓದಿ ಹೇಳು" ಎಂದರು. ಜಗಲಿಯ ಮೇಲೆ ಕೂತು ಒಂದೊಂದೇ ಸಾಲು ಕನ್ನಡ ಮಾಡುತ್ತಾ ಓದಿದೆ. ಮುಗಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಅಪ್ಪ ಕಣ್ಣು ಮುಚ್ಚಿ, ಯಾರದೋ ಜಾತಕ ಕೇಳುವವರಂತೆ ಪೂರ್ತಿ ಕೇಳಿದರು. "ಇಷ್ಟೇನಾ?" ಎಂದರು.